ಎಡಗಡೆಯ ಬಾಗಿಲು

ಬಕೆಟ್ಟಿನ ನೀರು ಕೆಂಪಗಿತ್ತು. ಜಲಜಾಕ್ಷಿ ಅದನ್ನು ಚರಂಡಿಗೆ ಸುರಿದು, ಅತ್ತಿತ್ತ ನೋಡಿ, ಮತ್ತೆ ಕಾರಿನೊಳಗೆ ಬಗ್ಗಿದಳು. ಕೈಯಲ್ಲಿ ಅಡುಗೆಮನೆಯ ಚಾಕು. ಕರಕರ ಎಂದು ಏನನ್ನೋ ಕೆರೆಯುವ ಸದ್ದು.

ಗೇಟಿನಾಚೆ ನಿಂತಿದ್ದ ಪಕ್ಕದ ಮನೆಯ ಸುಮಲತಾ ಉಸಿರು ಬಿಗಿಹಿಡಿದಳು. ಭಂಡಿಗಡಿಯ ಆ ಮನೆಗಳ ಸಾಲಿಗೆಲ್ಲ ಇದ್ದದ್ದು ಅದೊಂದೇ ಕಾರು. ಅದರ ಯಜಮಾನ, ಜಲಜಾಕ್ಷಿಯ ಗಂಡ ಯೋಗೇಂದ್ರ, ಭಾನುವಾರದಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ಎಂತ ಮಾಡ್ತಿದೀಯೆ ಜಲಜಾ?"

ಚಾಕು ಕೆಳಗೆ ಬಿತ್ತು. "ಅಯ್ಯೋ, ಸುಮಕ್ಕ! ಎಲ್ಲಿಗಾದ್ರೂ ಹೋಗ್ಬೇಕಿತ್ತಾ?"

"ಇಲ್ಲ ಮಾರಾಯ್ತಿ, ಸುಮ್ನೆ ಬಂದೆ."

ಜಲಜಾಕ್ಷಿಯ ಮುಖ ಸಡಿಲವಾಯಿತು. "ಬಾಗಿಲಿನ ಒಳಗಿನ ರೆಕ್ಸಿನ್ ಎಲ್ಲ ಎದ್ದು ಹೋಗಿತ್ತು. ಕೊಪ್ಪದಲ್ಲಿ ಮಾಡ್ಸಿದ್ರೆ ಸಿಕ್ಕಾಪಟ್ಟೆ ಕೇಳ್ತಾರೆ. ಮೊಬೈಲಲ್ಲಿ ನೋಡ್ಕೊಂಡು ಮನೇಲೇ ಅಂಟಿಸ್ತಿದೀನಿ. ಹಳೇದು ಎಷ್ಟು ಬಣ್ಣ ಬಿಡ್ತದೆ ನೋಡಿ."

ಸುಮಲತಾ ನೋಡಿದಳು. ಸ್ಯಾಂಡ್‌ಪೇಪರ್, ಅಂಟಿನ ಡಬ್ಬಿ, ಕೂದಲು ಒಣಗಿಸುವ ಡ್ರೈಯರ್, ಬಟ್ಟೆಯ ಕ್ಲಿಪ್ಪುಗಳು. ಎಲ್ಲ ಸರಿಯೇ. ಆದರೆ ಚರ್ಮ ಸುಲಿದಂತೆ ಬೋಳಾಗಿದ್ದದ್ದು ಮುಂದಿನ ಎಡಗಡೆಯ ಬಾಗಿಲು ಒಂದೇ. ಉಳಿದ ಬಾಗಿಲುಗಳ ಮೇಲೆ ಒಂದು ಗೀರೂ ಇಲ್ಲ. ವಯಸ್ಸಾದ ಕಾರು ಒಂದೇ ಕಡೆ ಸವೆಯುತ್ತದೆಯೇ? ಅಥವಾ ಅಲ್ಲಿ ಯಾರಾದರೂ ಒದ್ದಾಡಿದ್ದರೇ?

"ಯೋಗೇಂದ್ರ ಎಲ್ಲಿ?"

"ನರಸಿಂಹರಾಜಪುರಕ್ಕೆ. ನಾದಿನಿ ಮನೆಗೆ."

"ಕಾರು ಬಿಟ್ಟು?"

"ಬಸ್ಸಲ್ಲಿ."

ಡೈರಿಗೆ ಹಾಲು ಹಾಕಲೂ ಕಾರು ತೆಗೆಯುವ ಗಂಡಸು ಬಸ್ಸಿನಲ್ಲಿ ಹೋಗಿದ್ದಾನೆ. ಅವನ ಚಪ್ಪಲಿ ಮೆಟ್ಟಿಲ ಮೇಲೆಯೇ ಇದೆ. ಸುಮಲತಾ ಇನ್ನೊಂದು ಪ್ರಶ್ನೆ ಕೇಳುವಷ್ಟರಲ್ಲಿ ಒಳಗೆ ಯಾರೋ ಕೆಮ್ಮಿದರು.

"ಟೀವಿ," ಎಂದಳು ಜಲಜಾಕ್ಷಿ, ಯಾರೂ ಕೇಳದಿದ್ದರೂ.

ಕಿಟಕಿಯಲ್ಲಿ ಕಾಣುತ್ತಿದ್ದ ಟೀವಿ ಆರಿತ್ತು. ಆತಂಕವಾದಾಗ ಸುಮಲತಾಳ ಬೆರಳು ಸುಮ್ಮನಿರುವುದಿಲ್ಲ. ಅಲ್ಲಿಂದ ಹೊರಡುವಷ್ಟರಲ್ಲಿ ಗೇಟಿನ ಬಣ್ಣ ಅಂಗೈಯಗಲ ಎದ್ದು ಬಂದಿತ್ತು.

ಮನೆಯಲ್ಲಿ ಗಂಡ ವಿಘ್ನೇಶ ನಕ್ಕುಬಿಟ್ಟ. "ಕಾರು ತೊಳೆದ್ರೆ ಕೊಲೆ ಆಗ್ತದಾ? ನಿಂಗೆ ಎಲ್ಲಿ ನೋಡಿದ್ರೂ ಹೆಣವೇ ಕಾಣೋದು."

"ಹಾಗಾದ್ರೆ ಕೆಮ್ಮಿದ್ದು ಯಾರು?"

"ಹೆಣ ಅಂತೂ ಅಲ್ಲ."

ಅವಳಿಗೆ ನಗು ಬರಲಿಲ್ಲ. ಯೋಗೇಂದ್ರನ ಫೋನು ಸ್ವಿಚ್ ಆಫ್. ತನ್ನ ಅಮ್ಮನಿಗೆ ಉಸಿರು ಸಿಕ್ಕಿಕೊಂಡ ದಿನ ಊಟದ ತಟ್ಟೆ ಬಿಟ್ಟು ಎದ್ದು ಬಂದವನು ಅವನು. ಕೊಪ್ಪಕ್ಕೆ ಹೋಗಬೇಕೆಂದರೂ ಶೃಂಗೇರಿಗೆ ಹೋಗಬೇಕೆಂದರೂ "ಹತ್ತಿ ಸುಮಕ್ಕ" ಎನ್ನುತ್ತಿದ್ದವನು. ಇಲ್ಲ ಎಂಬ ಮಾತು ಅವನ ಬಾಯಲ್ಲಿ ಬಂದದ್ದನ್ನು ಅವಳು ಕೇಳಿಯೇ ಇಲ್ಲ. ಅಂಥವನಿಗೆ ಏನಾಯಿತೆಂದು ಕೇಳುವವರು ಯಾರೂ ಬೇಡವೇ?

ಮರುದಿನ ಬೆಳಿಗ್ಗೆ ಅವಳು ಒಂದು ಸುಳ್ಳು ಹೊಸೆದುಕೊಂಡು ಹೋದಳು. "ಜಲಜಾ, ಶೃಂಗೇರಿಗೆ ಅರ್ಜೆಂಟಾಗಿ ಹೋಗ್ಬೇಕಿತ್ತು. ಯೋಗೇಂದ್ರ ಬಂದ್ರಾ?"

ಜಲಜಾಕ್ಷಿಯ ಮುಖ ಬಿಳಿಚಿತು. ಅವಳು ಹಿಂದೆ ಸರಿದು, ಮನೆಯ ಬಾಗಿಲೆಳೆದು, ಅದಕ್ಕೆ ಬೆನ್ನು ಕೊಟ್ಟು ನಿಂತಳು. "ಇಲ್ಲ ಸುಮಕ್ಕ. ಯಾವಾಗ ಬರ್ತಾರೋ ಗೊತ್ತಿಲ್ಲ."

ಕಿಟಕಿಯ ಪರದೆ ಅಲ್ಲಾಡಿತು. ಕೂದಲು ತುಂಬಿದ ಗಂಡಸಿನ ಕೈಯೊಂದು ಅದನ್ನು ಮೆಲ್ಲಗೆ ಎಳೆದು ಮುಚ್ಚಿತು.

ಅಷ್ಟು ಸಾಕಾಯಿತು. ಗಂಡನಿಲ್ಲ, ಮನೆಯೊಳಗೆ ಇನ್ನೊಬ್ಬ ಗಂಡಸು, ಕಾರಿನಲ್ಲಿ ಕೆರೆದಷ್ಟೂ ಮುಗಿಯದ ಕೆಂಪು. ಸುಮಲತಾ ಮನೆಗೆ ಬಂದು ಫೋನು ಹಿಡಿದು ತುಂಬಾ ಹೊತ್ತು ಕೂತಳು. ತನ್ನ ಅನುಮಾನ ಸುಳ್ಳಾದರೆ ಆ ಮನೆಯ ಗೇಟು ತನಗೆ ಮತ್ತೆಂದೂ ತೆರೆಯುವುದಿಲ್ಲ. ನಿಜವಾದರೆ, ಸುಮ್ಮನಿದ್ದ ಒಂದೊಂದು ಗಳಿಗೆಯೂ ತನ್ನ ತಲೆಗೇ ಬರುತ್ತದೆ. ಕೊನೆಗೆ ಠಾಣೆಗೆ ಫೋನು ಮಾಡಿದಳು.

ಹೆಡ್ ಕಾನ್‌ಸ್ಟೇಬಲ್ ಶಾಂತವೀರಪ್ಪ ಬೈಕಿನಲ್ಲಿ ಬಂದ. ಜಲಜಾಕ್ಷಿ ತಡೆದಳು, ಬೇಡಿಕೊಂಡಳು, ಅತ್ತೇಬಿಟ್ಟಳು. ಅವನು ಒಳನುಗ್ಗಿದ. ಅವನ ಅಗಲವಾದ ಬೆನ್ನಿನ ಹಿಂದೆ ಅಡಗಿಕೊಂಡು ಸುಮಲತಾ ಹೊಸ್ತಿಲವರೆಗೆ ಹೋದಳು.

"ಯಾರೋ ಅದು ಮಂಚದಡಿ? ಹೊರಗೆ ಬಾ!"

ಮೊದಲು ಒಂದು ಕೈ ಬಂತು. ಆಮೇಲೆ ಜೇಡರ ಬಲೆ ಹತ್ತಿದ ತಲೆ. ಲುಂಗಿ ಸರಿಮಾಡಿಕೊಳ್ಳುತ್ತ ಎದ್ದು ನಿಂತವನು ಯೋಗೇಂದ್ರ.

ಬದುಕಿದ್ದಾನೆ! ಸುಮಲತಾಳ ಕಣ್ಣು ತುಂಬಿ ಬಂತು.

"ಇದೆಂತ ಮಾರಾಯ್ರೆ," ಶಾಂತವೀರಪ್ಪ ಸೊಂಟದ ಮೇಲೆ ಕೈಯಿಟ್ಟ. "ನಿಮ್ಮ ಮನೇಲಿ ನೀವೇ ಕಳ್ಳನ ಹಾಗೆ ಅಡಗಿ ಕೂರೋದು? ಯಾರ ಹೆದರಿಕೆ ನಿಮಗೆ?"

ಗೋಡೆಗೆ ಒರಗಿದ್ದ ಜಲಜಾಕ್ಷಿ ಗಂಡನಿಗೆ ಕಣ್ಣಲ್ಲೇ ಏನೋ ಹೇಳಲು ಹೆಣಗಿದಳು. ಅವನು ಗಮನಿಸಲಿಲ್ಲ. ದನಿ ತಗ್ಗಿಸಿ, ಮುಖ ಸಣ್ಣದು ಮಾಡಿ ಹೇಳಿದ:

"ಅಂಟು ಒಣಗ್ಬೇಕಲ್ಲ ಸಾರ್. ಪಕ್ಕದ್ಮನೆ ಸುಮಕ್ಕ ಬಂದು ಕೇಳಿದ್ರೆ ಎದುರಿಗೆ ಇಲ್ಲ ಅನ್ನಕ್ಕೆ ನಂಗೆ ಬಾಯಿ ಬರಲ್ಲ. ಕಾರು ಕೆಟ್ಟಿದೆ ಅಂದ್ರೆ ಮೆಕ್ಯಾನಿಕ್‌ನೇ ಕರ್ಕೊಂಡು ಬರ್ತಾರೆ. ತಿರುವು ಬಂದ್ರೆ ಅವ್ರಿಗೆ ಹೆದ್ರಿಕೆ ನೋಡಿ, ಕೊಪ್ಪ ಮುಟ್ಟೋದ್ರೊಳಗೆ ಆ ಬಾಗಿಲನ್ನ ಬಾಳೆಹಣ್ಣಿನ ಹಾಗೆ ಸುಲಿದು ಹಾಕ್ತಾರೆ."