ಇಸ್ತ್ರಿಪೆಟ್ಟಿಗೆ ಆಫ್ ಇದೆಯಾ?

"ತಡಿ, ಮೊದ್ಲು ನಂಬರ್ ಓದ್ಬೇಕು," ಎಂದು ಅಪ್ಪ ಪ್ಲಗ್ಗನ್ನು ಭೂತಗನ್ನಡಿಯ ಕೆಳಗೆ ಹಿಡಿದಾಗ ಗಂಟೆ ಮೂರೂಕಾಲು. ಅಮ್ಮನ ಬಸ್ಸು ನಾಲ್ಕಕ್ಕೆ. ತನ್ನ ಟೈಲರ್ ಅಂಗಡಿಯ ಬಾಗಿಲಲ್ಲಿ ಅವಳು ಚೀಲ ಹೆಗಲಿಗೇರಿಸಿ, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟು ನಿಂತಿದ್ದಳು. ಹನ್ನೊಂದು ವರ್ಷದಿಂದ ದೂರದ ಊರಿನ ತಂಗಿ ಕರೆಯುತ್ತಲೇ ಇದ್ದಾಳೆ, ಅಮ್ಮ ಹೊರಡುತ್ತಲೇ ಇದ್ದಾಳೆ. ಪ್ರತಿ ಸಲವೂ ಮೊದಲ ಸ್ಟಾಪು ಬರುವಷ್ಟರಲ್ಲಿ "ಇಸ್ತ್ರಿಪೆಟ್ಟಿಗೆ ಆಫ್ ಮಾಡಿದ್ನಾ?" ಎಂಬ ಹುಳ ತಲೆಗೆ ಹೊಕ್ಕು, ಇಳಿದು ಓಡಿ ಬರುತ್ತಾಳೆ. ಇಸ್ತ್ರಿ ಆಫ್ ಆಗಿಯೇ ಇರುತ್ತದೆ. ಬಸ್ಸು ಮಾತ್ರ ಹೋಗಿರುತ್ತದೆ.

ಈ ಸಲ ಮಗಳು ಟೊಂಕ ಕಟ್ಟಿದ್ದಳು. ಬಾಗಿಲು ಹಾಕಿದ ಯಾವುದೋ ಕಂಪನಿಯ ಸ್ಮಾರ್ಟ್ ಪ್ಲಗ್ಗುಗಳು ಅವಳಿಗೆ ಅಗ್ಗಕ್ಕೆ ಸಿಕ್ಕಿದ್ದವು. ಕಂಪನಿಯ ಸರ್ವರ್ ನಿಂತ ದಿನವೇ ಅವುಗಳ ಜಾಣತನವೆಲ್ಲ ಮಣ್ಣುಪಾಲಾಗಿತ್ತು. ಅವಳು ಒಂದೊಂದನ್ನೂ ಬಿಚ್ಚಿ, ಒಳಗಿನ ಹಳೆಯ ಪ್ರೋಗ್ರಾಮು ಅಳಿಸಿ, ಹೊಸದನ್ನು ತುಂಬಿದ್ದಳು. ದೀಪ, ರೇಡಿಯೋ, ಇಸ್ತ್ರಿ, ಮೂರಕ್ಕೆ ಮೂರು ಬಟನ್ನು ಅಮ್ಮನ ಫೋನಿನಲ್ಲಿ. ಎಷ್ಟೇ ದೂರ ಹೋದರೂ ಯಾವುದು ಆನ್, ಯಾವುದು ಆಫ್ ಎಂದು ಕಣ್ಣಿಗೇ ಕಾಣುತ್ತದೆ.

ಆದರೆ ಮನೆಯಲ್ಲೊಬ್ಬ ಠಸ್ಸೆ ಸಾಹೇಬನಿದ್ದನಲ್ಲ! ಅಪ್ಪ ಮೂವತ್ತು ವರ್ಷ ವಿದ್ಯುತ್ ಸಾಮಾನುಗಳ ಪರೀಕ್ಷಾಲಯದಲ್ಲಿ ಕೂತು, ಪಾಸಾದವಕ್ಕೆ ಠಸ್ಸೆ ಒತ್ತಿ ನಿವೃತ್ತನಾದವನು. ಕೆಲಸ ಬಿಟ್ಟರೂ ಚಟ ಬಿಟ್ಟಿರಲಿಲ್ಲ. ಪ್ಲಗ್ಗಿನ ಬೆನ್ನ ಮೇಲಿದ್ದ ಸರ್ಟಿಫಿಕೇಟ್ ನಂಬರನ್ನು, ಫೋನಿನಲ್ಲಿ ಪಾಸಾದ ಸಾಮಾನುಗಳ ಪಟ್ಟಿ ತೆರೆದು ಹುಡುಕಿ, ಎರಡು ಸಲ ತಾಳೆ ನೋಡಿದ.

"ನಂಬರ್ ಅಸಲಿ. ಹದಿನಾರು ಆಂಪಿಯರೂ ಸರಿ. ಆದ್ರೆ ಈ ಸರ್ಟಿಫಿಕೇಟ್ ಹಳೇ ಪ್ರೋಗ್ರಾಮ್ ಇದ್ದ ಪ್ಲಗ್ಗಿಂದು. ಕರೆಂಟ್ ಮಿತಿ ಮೀರಿದ್ರೆ ಅದು ತಾನಾಗೇ ಆಫ್ ಆಗ್ತಿತ್ತು. ನಿಂದು ಆಗುತ್ತೇನಮ್ಮಾ?"

ಬಟನ್ನಿಗೆ ಬಣ್ಣ ಆರಿಸುವ ಸಂಭ್ರಮದಲ್ಲಿ ಮಗಳಿಗೆ ಮುಖ್ಯವಾದ ಆ ಒಂದು ಕೆಲಸವೇ ಮರೆತುಹೋಗಿತ್ತು.

"ಅಯ್ಯಯ್ಯೋ! ಹತ್ತು ನಿಮಿಷ ಕೊಡಪ್ಪಾ!"

"ನನ್ನ ಬಸ್ಸು?" ಅಮ್ಮ ಕೂಗಿದಳು.

ಪ್ಲಗ್ಗು ಮತ್ತೆ ಬಿಚ್ಚಿಕೊಂಡಿತು. ಕೂದಲಿನಂಥ ನಾಲ್ಕು ವೈರು ಅದರ ಹೊಟ್ಟೆಗೂ ಲ್ಯಾಪ್‌ಟಾಪಿಗೂ ಜೋಡಿಸಿದ್ದಾಯಿತು. ಹೊಸ ಪ್ರೋಗ್ರಾಮು ತುಂಬುವಾಗ ಪ್ಲಗ್ಗು ಗೋಡೆಯ ಕರೆಂಟಿನ ಹತ್ತಿರವೂ ಸುಳಿಯಬಾರದು ಎಂದು ಅಪ್ಪ ಸಾಕೆಟ್ಟಿಗೆ ಬೆನ್ನು ಕೊಟ್ಟು, ಎರಡೂ ಕೈ ಅಗಲಿಸಿ ಕಾವಲು ನಿಂತ. ಪ್ಲಗ್ಗೇ ಹಾರಿ ಬಂದು ಚುಚ್ಚಿಕೊಳ್ಳುತ್ತದೆ ಎಂಬಂತೆ! ಪರದೆಯ ಮೇಲೆ ಅಂಕಿ ಏರುತ್ತಿತ್ತು. ನಲವತ್ತು, ಅರವತ್ತು, ತೊಂಬತ್ತೆಂಟು. ಅಲ್ಲಿ ಬಂದು ನಿಂತುಬಿಟ್ಟಿತು. ಮೂವರೂ ಉಸಿರು ಬಿಗಿಹಿಡಿದರು.

"ನೂರು!" ಎಂದು ಮೊದಲು ಕಿರುಚಿದವಳು ಅಮ್ಮ.

ಪರೀಕ್ಷೆಗೆಂದು ಮಗಳು ಮಿತಿಯನ್ನು ಬೇಕೆಂದೇ ಮೂರು ಆಂಪಿಯರಿಗೆ ಇಳಿಸಿದಳು. ವೈರು ತೆಗೆದು, ಪ್ಲಗ್ಗು ಮುಚ್ಚಿ, ಸಾಕೆಟ್ಟಿಗೆ ಸಿಕ್ಕಿಸಿ ಇಸ್ತ್ರಿ ಹಚ್ಚಿದರು. ಟಕ್! ತಾನಾಗಿ ಆಫ್.

"ಇನ್ನೊಂದ್ಸಲ," ಅಂದ ಅಪ್ಪ. ಟಕ್! "ಇನ್ನೊಂದೇ ಒಂದ್ಸಲ."

"ರೀ, ಸಾಕು ಮಾಡ್ರೀ! ನಮ್ಮ ಮದುವೆಗೂ ನೀವು ಇಷ್ಟು ವಿಚಾರಿಸಿರ್ಲಿಲ್ಲ!"

ಮಗಳು ನಗುತ್ತಲೇ ಮಿತಿಯನ್ನು ಸರಿಯಾದ ಅಂಕಿಗೆ ಏರಿಸಿದಳು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಅಪ್ಪ ಪ್ಲಗ್ಗಿನ ಮೇಲೆ "ಪಾಸ್" ಎಂದು ಬರೆದು ಕೆಳಗೆ ಸಹಿ ಬೇರೆ ಹಾಕಿದ. ಅಮ್ಮ ಎದ್ದೆನೋ ಬಿದ್ದೆನೋ ಎಂದು ಓಡಿ ಬಸ್ಸು ಹತ್ತಿದಳು. ಮೊದಲ ಸ್ಟಾಪು ಬಂತು, ಹೋಯಿತು. ಎರಡನೆಯದೂ ಹೋಯಿತು. ಅಮ್ಮ ಇಳಿಯಲಿಲ್ಲ! ಆ ಖುಷಿಗೆ, ಬೀಗ ಹಾಕಿದ ಅಂಗಡಿಯ ರೇಡಿಯೋ ಎರಡು ಸಾಲು ಹಾಡುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಹಾಡುತ್ತಿತ್ತು. ಬಸ್ಸಿನಲ್ಲಿ ಕೂತ ಅಮ್ಮನಿಗೆ ಬಟನ್ನಿನ ರುಚಿ ಹತ್ತಿತ್ತು.

ಸಂಜೆ ಆರಕ್ಕೆ ಅಪ್ಪ ಚಪ್ಪಲಿ ಮೆಟ್ಟಿದ. "ಎಲ್ಲಿಗಪ್ಪಾ?" ಎಂದಳು ಮಗಳು. "ಸುಮ್ನೆ, ಇಲ್ಲೇ," ಎಂದವನು ನೆಟ್ಟಗೆ ಅಂಗಡಿಗೆ ಹೋಗಿ ಬೀಗ ತೆಗೆದು ದೀಪ ಹಾಕಿದ. ಇಸ್ತ್ರಿಪೆಟ್ಟಿಗೆ ತಣ್ಣಗಿತ್ತು. ಮುಟ್ಟಿ ನೋಡಿದ, ಇನ್ನೊಮ್ಮೆ ಮುಟ್ಟಿದ. ಪ್ರೋಗ್ರಾಮು ಸರಿ, ನಂಬರು ಸರಿ, ಎಲ್ಲ ಸರಿ. ಆದರೂ ಕಿತ್ತಿಟ್ಟರೆ ನೆಮ್ಮದಿ ಎಂದುಕೊಂಡು ತಾನೇ ಸಹಿ ಹಾಕಿದ ಪ್ಲಗ್ಗನ್ನು ಸಾಕೆಟ್ಟಿನಿಂದ ಕಿತ್ತ.

ನಿಮಿಷವೂ ಕಳೆದಿರಲಿಲ್ಲ, ಫೋನು ಬಡಿದುಕೊಂಡಿತು.

"ರೀ, ಇಸ್ತ್ರಿ ಕಾಣಿಸ್ತಿಲ್ಲ! ಅದರ ಜಾಗದಲ್ಲಿ ಬರೀ ಪ್ರಶ್ನೆ ಗುರುತಿದೆ! ಏನಾಯ್ತೋ ಏನೋ, ನಾನು ಇಲ್ಲೇ ಇಳೀತೀನಿ, ಡ್ರೈವರಣ್ಣಾ..."

"ಇಳೀಬೇಡ್ವೇ ಮಾರಾಯ್ತಿ!" ಅಪ್ಪನಿಗೆ ಬೆವರು ಕಿತ್ತುಕೊಂಡು ಬಂತು. "ಏನೂ ಆಗಿಲ್ಲ. ನಾನೇ... ನಾನೇ ಕಿತ್ತೆ."

ಆ ಕಡೆಯಿಂದ ಅಮ್ಮನ ನಗೆ, ಅದರ ಹಿಂದೆ ಇಡೀ ಬಸ್ಸಿನ ನಗೆ. "ಪಾಸ್ ಅಂತ ಬರ್ದು ಸಹಿ ಹಾಕ್ದೋರು ಯಾರು ಸ್ವಾಮೀ? ಮೊದ್ಲು ವಾಪಸ್ ಹಾಕಿ!"

ಅಪ್ಪ ಕಳ್ಳನ ಹಾಗೆ ಪ್ಲಗ್ಗನ್ನು ಮತ್ತೆ ಸಾಕೆಟ್ಟಿಗೆ ಒತ್ತಿದ.

"ಹಾಂ, ಬಂತು," ಅಂದಳು ಅಮ್ಮ.

ಅಪ್ಪ ಇಸ್ತ್ರಿಪೆಟ್ಟಿಗೆಯನ್ನೇ ನೋಡುತ್ತ, ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದು, ಮೆಲ್ಲಗೆ ಕೇಳಿದ: "ಆಫ್ ಇದೆ ಅಲ್ವೇನೇ?"

"ಇದೆ. ಮನೆಗೆ ಹೋಗಿ ಇನ್ನು," ಎಂದಳು ಅಮ್ಮ, ಮತ್ತು ಅಷ್ಟು ದೂರದಿಂದ ಅಪ್ಪನ ತಲೆಯ ಮೇಲಿನ ದೀಪ ಆರಿಸಿದಳು.