ಹಿಂದಕ್ಕೆ ಓಡಿದ ಮದುವೆ

ಕಪಾಟಿನ ತಳದಲ್ಲಿ ಇಂದು ಅಕ್ಕನ ಮದುವೆಯ ವಿಡಿಯೊ ಕ್ಯಾಸೆಟ್ ಸಿಕ್ಕಿತು. ಅವ್ವನ ಬೆರಳಿನ ಅರಿಶಿನ ಅದಕ್ಕೆ ಇನ್ನೂ ಅಂಟಿದೆ.

ಅಕ್ಕ ಮೂಡಲಗಿಯ ಗಂಡನ ಮನೆಗೆ ಹೋಗಿ ತಿಂಗಳಾಗಿತ್ತು. ಒಂದು ಮಧ್ಯಾಹ್ನ ಈ ಕ್ಯಾಸೆಟ್ ನೋಡಲು ಅಪ್ಪ ವಿಸಿಆರ್ ಬಾಡಿಗೆಗೆ ತಂದಿದ್ದ. ಬ್ಯಾಂಡಿನವರ ಹಾಡಿಗೆ ತಾಳ ಹಾಕುತ್ತಿದ್ದ ಅವ್ವ, ಊಟದ ಪಂಕ್ತಿ ಬಂದೊಡನೆ ಕ್ಯಾಸೆಟ್ಟನ್ನು ಹಿಂದಕ್ಕೆ ಓಡಿಸಿದಳು. ಸೋದರಮಾವನ ಬಾಯಿಂದ ತುಣುಕು ತುಣುಕಾಗಿ ಹೊರಬಂದ ಬುಂದಿ ಉಂಡೆ ಎಲೆಯ ಮೇಲೆ ಇಡಿಯಾಗಿ ಕೂತಿತು. ಅವ್ವ, ನಾನು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

“ಸಾಕ್ ಮಾಡ, ರೀಲ್ ಸಿಕ್ಕೊಂಡೀತು,” ಅಂದ ಅಪ್ಪ.

“ಇನ್ನೊಂದ್ ಸಲ ಅಷ್ಟರೀ,” ಅಂದಳು ಅವ್ವ.

ಈ ಸಲ ಕೊನೆಯಿಂದ ಹಿಂದಕ್ಕೆ ಓಡಿಸಿದಳು. ಅಕ್ಕ ಜೀಪಿನಿಂದ ಇಳಿದು, ಹಿಮ್ಮುಖವಾಗಿ ನಡೆದು, ನಮ್ಮ ಹೊಸ್ತಿಲು ದಾಟಿ ಒಳಗೆ ಬಂದಳು. ಅವ್ವ ಅಲ್ಲಿಗೇ ನಿಲ್ಲಿಸಿದಳು.

“ಮುಂದ ಹಚ್ಚಬೇ,” ಎಂದೆ.

“ಇರ್ಲಿ ಬಿಡವಾ. ಈಗಷ್ಟ ಬಂದಾಳ.”