ಎರಡೂವರೆ ಸುತ್ತು

ಸ್ಪರ್ಧೆಗೆ ಮುಂಚಿನ ಅಭ್ಯಾಸದಲ್ಲಿ ಜಬೀನಾ ಮತ್ತೆ ಬಿದ್ದಳು. ಕಲಬುರಗಿಯ ಸ್ಕೇಟಿಂಗ್ ರಿಂಕಿನ ಅಂಚಿನಲ್ಲಿ ನಿಂತಿದ್ದ ಕೋಚ್ ಜಗದೇವಿ ಕೈಮಾಡಿ ಕರೆದಳು. ಗಾಲಿಗಳ ಮೇಲೆ ಜಾರುತ್ತ ಬಂದ ಹುಡುಗಿಯ ಮೊಣಕೈ ತರಚಿ ಕೆಂಪಾಗಿತ್ತು.

ಎರಡೂವರೆ ಸುತ್ತಿನ ಜಿಗಿತ ಇವತ್ತು ಬೇಡ, ಎರಡು ಸುತ್ತಿನದು ಕೈಯಲ್ಲಿದೆ, ಅದನ್ನೇ ಹಾಕು ಎಂದಳು ಜಗದೇವಿ. ರಾಜ್ಯ ಕೂಟಕ್ಕೆ ಇಲ್ಲಿಂದ ಹೋಗುವವಳು ಮೊದಲು ಬಂದ ಒಬ್ಬಳೇ. ಬಿದ್ದರೆ ಅಂಕ ಹೋಗುತ್ತದೆ.

"ಅದು ಬಿಟ್ಟು ಗೆದ್ರ, ಗೆದ್ದಂಗ ಅನಸಾದಿಲ್ರಿ ಮೇಡಂ."

"ಬಿದ್ರ?"

"ಬೀಳಾದು ನನಗ ಭಾಳ ಛಲೋ ಬರ್ತದ್ರಿ."

ಜಗದೇವಿಗೆ ನಗು ಬಂತು. ಹುಡುಗಿಯಾಗಿದ್ದಾಗ ಅವಳು ಗಾಳಿಯಲ್ಲಿ ಒಂದೂವರೆ ಸುತ್ತು ತಿರುಗಿ ತನ್ನೂರು ವಾಡಿಗೆ ಚಿನ್ನ ತಂದವಳು. ಹೆಣ್ಣುಮಕ್ಕಳಿಗೆ ಇದರ ಮೇಲೆ ಆಗದು ಎಂದಿದ್ದರು ಆಗಿನ ಕೋಚ್, ಅವಳೂ ನಂಬಿದ್ದಳು. ಈಗ ಅದೇ ಜಿಗಿತವನ್ನು ಪುಟ್ಟ ಪೋರಿಯರು ಮೈ ಬಿಸಿ ಮಾಡಿಕೊಳ್ಳಲು ಹಾಕುತ್ತಾರೆ. ಎಲ್ಲೋ ಮಂಜುಗಡ್ಡೆಯ ಮೇಲೆ ಹುಡುಗಿಯರು ನಾಲ್ಕು ಸುತ್ತು ತಿರುಗಿ ಇಳಿಯುವುದನ್ನು ಮೊಬೈಲಿನಲ್ಲಿ ನೋಡಿಯೇ ಜಬೀನಾಗೆ ಹುಚ್ಚು ಹಿಡಿದದ್ದು. ಮದುವೆ ಇಲ್ಲದ ದಿನಗಳಲ್ಲಿ ಶಹಾಬಾದಿನ ಶಾದಿಮಹಲಿನ ಫರ್ಸಿ ಕಲ್ಲಿನ ನುಣುಪು ನೆಲದ ಮೇಲೆ ಬಿದ್ದು ಬಿದ್ದು ಕಲಿತಿದ್ದಳು.

ಅಷ್ಟರಲ್ಲಿ ಜಬೀನಾಳ ಅಜ್ಜಿ ಖುರ್ಷಿದಬೇಗಂ ಬಂದು, ಕೈಕಾಲು ಮುರಿದುಕೊಂಡರೆ ಗತಿಯೇನು ಎಂದು ಗೊಣಗಿದಳು. ಕೊನೆಗೆ ಎಲ್ಲ ನಿಮಗೇ ಬಿಟ್ಟೀನ್ರಿ ಎಂದು ಹೋಗಿ ಕುಳಿತಳು.

ಇದು ಆಗದು ಎನ್ನುವ ಮಾತು ಜಗದೇವಿಯ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು.

"ಹಾಕು. ಕೈ ಲಗೂ ಎದಿಗೆ ತಗೋ. ನೆಲ ನೋಡಬ್ಯಾಡ."

ಸ್ಪರ್ಧೆಯಲ್ಲಿ ಜಬೀನಾಳ ಸರದಿ ಬಂತು, ಸಂಗೀತ ಶುರುವಾಯಿತು. ಜಬೀನಾ ವೇಗ ಹಿಡಿದು ಬಂದು, ಎಡಗಾಲ ಮೇಲಿಂದ ಚಿಮ್ಮಿ, ಮೈ ಮುದುಡಿಕೊಂಡಳು. ಅಜ್ಜಿ ದುಪಟ್ಟಾದಿಂದ ಮುಖ ಮುಚ್ಚಿಕೊಂಡಳು. ಗಾಲಿಗಳು ನೆಲಕ್ಕೆ ಬಡಿದ ಸದ್ದು. ಹುಡುಗಿ ಒಂದೇ ಕಾಲಿನ ಮೇಲೆ ಇಳಿದು, ಕೊಂಚ ವಾಲಿ, ಸಾವರಿಸಿಕೊಂಡು ಹಿಮ್ಮುಖವಾಗಿ ಜಾರಿ ಹೋದಳು. ಆ ಖುಷಿಗೋ ಏನೋ, ಕೊನೆಯ ಸುಲಭದ ಜಿಗಿತದಲ್ಲಿ ದೊಪ್ಪೆಂದು ಬಿದ್ದಳು. ನಗುತ್ತಲೇ ಎದ್ದಳು.

ಫಲಿತಾಂಶ ಬರುವವರೆಗೆ ಜಗದೇವಿ ಕುರ್ಚಿಯಲ್ಲಿ ಕೂರಲಿಲ್ಲ. ಕೂದಲೆಳೆಯಷ್ಟು ಅಂತರದಲ್ಲಿ ಜಬೀನಾಳ ಹೆಸರೇ ಮೊದಲು ಬಂತು.

ಖುರ್ಷಿದಬೇಗಂ ಮೊಮ್ಮಗಳ ಮೊಣಕೈಯನ್ನು ತಿರುಗಿಸಿ ನೋಡಿದಳು, ಗಾಯವನ್ನು ಊದಿದಳು. ಆಮೇಲೆ ಜಗದೇವಿಯ ಕಡೆ ತಿರುಗಿ, ತಕರಾರಿನ ದನಿಯಲ್ಲಿ ಕೇಳಿದಳು:

"ಅಲ್ರಿ ಮೇಡಂ, ಎರಡೂವರೆ ತನಕ ಹೋದಾಕಿ, ಇನ್ನರ್ಧಕ್ಕ ಯಾಕ ಜೀವ ಹಿಡದಾಳ? ಪೂರಾ ಮೂರು ಹಾಕ್ಲಿಕ್ಕೆ ಏನಾಗಿತ್ತು?"